ಎರಡೂವರೆ ಲಕ್ಷ ಜನರ ಹೊಣೆ ಹೊತ್ತವರು

ಆತ್ಮೀಯ ಕನ್ನಡಿಗರೇ,

ಆಗಸ್ಟ್ 28 ಬಂತೆಂದರೆ ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣ ನೆನಪಾಗುತ್ತದೆ. 1963ರ ಆ ದಿನ ಅಮೆರಿಕದ ಕಪ್ಪುಜನರ ಸಮಾನ ಹಕ್ಕುಗಳಿಗಾಗಿ ನಡೆದ ಮೆರವಣಿಗೆಗೆ ವಾಷಿಂಗ್ಟನ್‌ನಲ್ಲಿ ಸುಮಾರು 2.5 ಲಕ್ಷ ಜನ ಸೇರಿದ್ದರು. ಅಷ್ಟು ಜನರನ್ನು ಸೇರಿಸಿ, ಸಂಜೆ ಕ್ಷೇಮವಾಗಿ ಕಳಿಸಿಕೊಟ್ಟವರು ಬೇಯಾರ್ಡ್ ರಸ್ಟಿನ್. ಅವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ತಯಾರಿಗೆ ಸಿಕ್ಕಿದ್ದು ಎರಡು ತಿಂಗಳಿಗೂ ಕಡಿಮೆ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಒಂದು ಆಫೀಸು, ಸುತ್ತ ಹುರುಪಿನ ಹುಡುಗ ಹುಡುಗಿಯರು. ಬಸ್ಸು ಎಲ್ಲಿ ನಿಲ್ಲಬೇಕು, ಕುಡಿಯುವ ನೀರು ಎಲ್ಲಿಡಬೇಕು, ಶೌಚಾಲಯ ಎಷ್ಟು ಬೇಕು, ಎಲ್ಲಕ್ಕೂ ರಸ್ಟಿನ್ ಲೆಕ್ಕ ಹಾಕಿಸಿದರು. ಅಲ್ಲಿನ ರಿವರ್‌ಸೈಡ್ ಚರ್ಚ್‌ನಲ್ಲಿ ಸ್ವಯಂಸೇವಕರು 80,000 ಊಟದ ಪೊಟ್ಟಣ ಕಟ್ಟಿದರು. ದುಬಾರಿಯಾದರೂ ಒಳ್ಳೆಯ ಮೈಕೇ ಬೇಕೆಂದು ರಸ್ಟಿನ್ ಹಟ ಹಿಡಿದರು. ಮಾತು ಕೇಳಿಸದಿದ್ದರೆ ಜನ ಚಡಪಡಿಸುತ್ತಾರೆ, ಗಲಾಟೆಯಾಗುತ್ತದೆ ಎಂಬ ಭಯ ಅವರಿಗೆ. ನಮ್ಮ ರಾಜ್ಯೋತ್ಸವದಲ್ಲಿ ಊಟ, ಪಾರ್ಕಿಂಗ್ ನೋಡಿಕೊಂಡವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಇಷ್ಟು ದುಡಿದವರಿಗೆ ಮುಂದಾಳು ಎಂಬ ಪಟ್ಟ ಕೊಡಲಿಲ್ಲ. ರಸ್ಟಿನ್ ಸಲಿಂಗಿ. ಆ ಕಾರಣಕ್ಕೇ 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಂಧನವೂ ಆಗಿತ್ತು. ಅವರ ಹೆಸರು ಬಂದರೆ ಚಳವಳಿಗೆ ಕೆಟ್ಟ ಹೆಸರು ಎಂದು ಜೊತೆಗಾರರೇ ಹಿಂಜರಿದರು. ಆಗ ಹಿರಿಯ ಕಾರ್ಮಿಕ ಮುಖಂಡರಾದ ಎ. ಫಿಲಿಪ್ ರಾಂಡಾಲ್ಫ್ ತಾವು ನಿರ್ದೇಶಕರಾಗಿ, ರಸ್ಟಿನ್ ಅವರನ್ನೇ ಸಹಾಯಕರನ್ನಾಗಿ ಆರಿಸಿಕೊಂಡರು. ಮೆರವಣಿಗೆಗೆ ಸ್ವಲ್ಪ ದಿನ ಮೊದಲು ಈ ಚಳವಳಿಯ ವಿರೋಧಿ ಸೆನೆಟರ್ ಸ್ಟ್ರಾಮ್ ಥರ್ಮಂಡ್ ಸೆನೆಟ್‌ನಲ್ಲೇ ಆ ಹಳೇ ಬಂಧನವನ್ನು ಎತ್ತಿ ಆಡಿದರು. ರಾಂಡಾಲ್ಫ್ ಕೈಬಿಡಲಿಲ್ಲ. ಅವರ ಈ ಗಟ್ಟಿತನ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ನಮಗೂ ರಸ್ಟಿನ್ ಅವರಿಗೂ ನಂಟಿದೆ. 1940ರ ದಶಕದಲ್ಲಿ ಭಾರತದ ಸ್ವಾತಂತ್ರ್ಯಕ್ಕಾಗಿ ವಾಷಿಂಗ್ಟನ್‌ನ ಬ್ರಿಟಿಷ್ ರಾಯಭಾರ ಕಚೇರಿ ಎದುರು ಪ್ರತಿಭಟಿಸಿ ರಸ್ಟಿನ್ ಬಂಧನಕ್ಕೊಳಗಾಗಿದ್ದರು. ಗಾಂಧೀಜಿ ತೀರಿಕೊಂಡ 1948ರಲ್ಲೇ ಭಾರತಕ್ಕೆ ಹೋಗಿ, ಅವರ ಒಡನಾಡಿಗಳಿಂದ ಅಹಿಂಸೆಯ ದಾರಿ ಕಲಿತರು. 1956ರಲ್ಲಿ ಅಲಬಾಮಾ ರಾಜ್ಯದ ಮಾಂಟ್‌ಗೊಮರಿಗೆ ಬಂದಾಗ ಅಲ್ಲಿದ್ದ ಕಿಂಗ್ ಅವರ ಮನೆಯಲ್ಲಿ ರಕ್ಷಣೆಗೆಂದು ಬಂದೂಕುಗಳಿದ್ದವು. ಅವು ಬೇಡ ಎಂದು ಮನವೊಲಿಸಿದವರಲ್ಲಿ ರಸ್ಟಿನ್ ಒಬ್ಬರು. ಈ ಹೋರಾಟ ತಂದ ಬದಲಾವಣೆಯ ಗಾಳಿಯಲ್ಲೇ 1965ರ ವಲಸೆ ಕಾಯ್ದೆ ಬಂತು, ನಮ್ಮಂಥವರಿಗೆ ಅಮೆರಿಕದ ಬಾಗಿಲು ತೆರೆಯಿತು.

ರಸ್ಟಿನ್ 1987ರಲ್ಲಿ ತೀರಿಕೊಂಡರು. ಅಮೆರಿಕದ ಅಧ್ಯಕ್ಷರು ಕೊಡುವ ಸ್ವಾತಂತ್ರ್ಯ ಪದಕ ಅವರಿಗೆ ಬಂದದ್ದು 2013ರಲ್ಲಿ. ಮುಂದಿನ ಸಂಚಿಕೆಯ ಮಕ್ಕಳ ಪುಟವನ್ನು ಅವರಿಗಾಗಿ ಇಟ್ಟಿದ್ದೇವೆ. ಮನೆಯ ಮಕ್ಕಳ ಕೈಲಿ ನಾಲ್ಕು ಸಾಲು ಬರೆಸಿ, ಚಿತ್ರ ಬಿಡಿಸಿದರೂ ಸರಿ, ಕಳಿಸಿಕೊಡಿ.

— ಸಂಪಾದಕರು