ತೂತು ಸಣ್ಣದು, ಗುಂಡಿ ದೊಡ್ಡದು

ಪ್ರೀತಿಯ ಪುಟ್ಟ,

ಫೋಟೋ ನೋಡಿದೆ. ಫೈಬರ್‌ಗ್ಲಾಸ್ ದೋಣಿ ಹಳೆಯದಾದರೂ ಮೈ ಗಟ್ಟಿ ಇದೆ. ಆದರೆ ಆ ನಾಲ್ಕು ಬೋಲ್ಟ್ ತೂತಿಗೆ ಪುಟ್ಟಿ ತುಂಬಿ ಬಣ್ಣ ಹೊಡೆದರೆ ಸಾಕು ಅಂದೆಯಲ್ಲ, ಅದು ಬೇಡ ಮಾರಾಯ. ನಾನೂ ಹಾಗೇ ಮಾಡಿದವನು. ಕೆಲವೇ ತಿಂಗಳಲ್ಲಿ ಪುಟ್ಟಿ ಬಿರಡೆಯ ಹಾಗೆ ಇಡಿಯಾಗಿ ಕಳಚಿ ಬಂತು. ಮೊಗೆದು ಮೊಗೆದು ನೀರು ಹೊರಗೆ ಚೆಲ್ಲಿ ತೋಳು ಬಿದ್ದುಹೋಯಿತು. ನೆಟ್ಟಗೆ ಕೊರೆದ ತೂತಿನಲ್ಲಿ ಪುಟ್ಟಿಗೆ ಕಚ್ಚಿಕೊಳ್ಳಲು ಜಾಗವೇ ಕಡಿಮೆ, ಅಲ್ವಾ?

ಮೊದಲು ಹಳೇ ಸಿಲಿಕೋನ್ ಕೆರೆದು, ಅಸಿಟೋನ್ ಹಾಕಿ ಒರೆಸು. ಉಜ್ಜುವುದು ಆಮೇಲೆ. ಮೊದಲೇ ಉಜ್ಜಿದರೆ ಜಿಡ್ಡನ್ನೆಲ್ಲ ಫೈಬರ್ ಒಳಗೆ ಸೇರಿಸಿದ ಹಾಗೆ. ತೂತಿನೊಳಗೆ ಸ್ಕ್ರೂಡ್ರೈವರ್ ತುದಿಯಿಂದ ಕೆದಕಿ ನೋಡು. ಕಂದು ಬಣ್ಣದ ಮೆತ್ತನೆ ಪುಡಿ ಬಂದರೆ ಫೈಬರ್ ಪದರಗಳ ನಡುವಿನ ಮರ ಕೊಳೆತಿದೆ. ಆಗ ಕೆಲಸ ನಿಲ್ಲಿಸಿ ನನಗೆ ಫೋನ್ ಮಾಡು, ಅದು ಬೇರೆಯೇ ಕತೆ.

ಈಗ ನಿನಗೆ ಹಿಡಿಸದ ಮಾತು. ತೂತನ್ನು ಇನ್ನೂ ದೊಡ್ಡದು ಮಾಡಬೇಕು. ನೀರಿನ ಮಟ್ಟಕ್ಕಿಂತ ಕೆಳಗಿನ ತೂತಿನ ಸುತ್ತ, ದೋಣಿಯ ಮೈ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಬೇಕು. ನಿನ್ನ ದೋಣಿಯ ಮೈ 6 ಮಿ.ಮೀ. ಅಂದರೆ ಸುತ್ತಲೂ 72 ಮಿ.ಮೀ. 8 ಮಿ.ಮೀ. ತೂತಿಗೆ ಸಣ್ಣ ತಟ್ಟೆಯಷ್ಟು ಅಗಲದ ಗುಂಡಿ! ಗ್ರೈಂಡರ್ ಹಿಡಿದಾಗ ಹೊಟ್ಟೆ ಚುರ್ ಅನ್ನುತ್ತದೆ, ಗೊತ್ತು. ಆದರೆ ಹೊಸದಾಗಿ ಹಾಕುವ ಫೈಬರ್ ಬಟ್ಟೆ ಹಳೇ ಫೈಬರನ್ನು ಕಚ್ಚುವುದು ಆ ಇಳಿಜಾರಿನಲ್ಲೇ. ಒಳ್ಳೆಯ ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಇಲ್ಲದೆ ಗ್ರೈಂಡರ್ ಮುಟ್ಟಬೇಡ. ಆ ಧೂಳು ಮೈಗೆ ಹತ್ತಿದರೆ ರಾತ್ರಿಯಿಡೀ ತುರಿಕೆ.

ಒಳಗಿನಿಂದ ಟೇಪ್ ಅಂಟಿಸಿ ತೂತು ಮುಚ್ಚು. ಫೈಬರ್ ಬಟ್ಟೆಯನ್ನು ದುಂಡಗೆ, ಒಂದಕ್ಕಿಂತ ಒಂದು ಚಿಕ್ಕದಾಗಿ ಕತ್ತರಿಸಿಕೊ. ಎಪಾಕ್ಸಿ ಅನ್ನುವ ಗಟ್ಟಿಯಾಗುವ ಅಂಟಿನಲ್ಲಿ ನೆನೆಸಿ ಹಾಕುತ್ತಾ ಹೋಗು. ನಾನು ದೊಡ್ಡದನ್ನೇ ಮೊದಲು ಹಾಕುವುದು. ಗಾಳಿಗುಳ್ಳೆ ಉಳಿಯದಂತೆ ಒತ್ತು.

ಎಪಾಕ್ಸಿಗೆ ಹಾರ್ಡನರ್, ಅಂದರೆ ಅದನ್ನು ಗಟ್ಟಿ ಮಾಡುವ ದ್ರವ, ಡಬ್ಬದ ಮೇಲಿನ ಅಳತೆಗೆ ಸರಿಯಾಗಿ ಹಾಕು. ಬೇಗ ಒಣಗಲಿ ಅಂತ ಜಾಸ್ತಿ ಹಾಕಿದರೆ ಸರಿಯಾಗಿ ಗಟ್ಟಿಯೇ ಆಗುವುದಿಲ್ಲ. ಸ್ವಲ್ಪ ಸ್ವಲ್ಪವೇ ಕಲಸು. ಒಮ್ಮೆ ತುಂಬಾ ಕಲಸಿಟ್ಟು ಮಾತಿಗೆ ನಿಂತೆ, ಲೋಟವೇ ಕರಗಿ ಹೊಗೆ ಎದ್ದಿತು.

ಗಟ್ಟಿಯಾದ ಮೇಲೆ ಮೇಲ್ಮೈಯಲ್ಲಿ ಜಿಡ್ಡಿದ್ದರೆ ಬರೀ ನೀರಿನಲ್ಲಿ ತೊಳೆದು, ಆಮೇಲೆ ಉಜ್ಜು. ಅದರ ಮೇಲೆ ಪೇಂಟ್ ಹೊಡೆ. ಫೈಬರ್ ದೋಣಿಯ ಹೊರಮೈಗೆ ಹಚ್ಚುವ ಮಾಮೂಲಿ ಲೇಪ, ಜೆಲ್‌ಕೋಟ್, ಎಪಾಕ್ಸಿಗೆ ಸರಿಯಾಗಿ ಹಿಡಿಯುವುದಿಲ್ಲ.

ನಾಲ್ಕನ್ನೂ ಒಟ್ಟಿಗೆ ಕೆದಕಬೇಡ. ನೀರಿನ ಮಟ್ಟಕ್ಕಿಂತ ಮೇಲಿರುವ ಆ ಒಂದರಲ್ಲಿ ಕೈ ಪಳಗಿಸಿಕೊ. ಗುಂಡಿ ಮಾಡಿದ ಮೇಲೆ, ಬಟ್ಟೆ ಹಾಕುವ ಮೊದಲು, ಒಂದು ಫೋಟೋ ಕಳಿಸು.

ಇತಿ,
ನಿನ್ನ ದೊಡ್ಡಪ್ಪ