ಗಜನೀಲಿ ಮಳೆಗಾಲಕ್ಕೆ ಕಗ್ಗ ಭತ್ತ ಕಡ್ಡಾಯ ಮಾಡಿ

ಸಂಪಾದಕರಿಗೆ ನಮಸ್ಕಾರ,

ನನ್ನ ತವರು ಕುಮಟಾ ಕಡೆ, ಮದುವೆಯಾಗಿ ಬಂದಿದ್ದು ಹಾಸನಕ್ಕೆ. ಇಲ್ಲಿ ಸೀಗಡಿ ಅಂದ್ರೆ ಭಾನುವಾರದ ಸ್ಪೆಷಲ್ ಅಷ್ಟೇ, ಅದು ಯಾರ ಗದ್ದೇಲಿ ಬೆಳೀತು ಅಂತ ಕೇಳೋರಿಲ್ಲ, ಅದಕ್ಕೇ ಬರೀತಿದೀನಿ.

2024ರಲ್ಲಿ ನಮ್ಮ ಕುಮಟಾ ಕಡೆ ಅಘನಾಶಿನಿ ಹೊಳೆ ಸಮುದ್ರ ಸೇರೋ ಅಳಿವೆ, ಜಗತ್ತಿನ ಮುಖ್ಯ ಜೌಗು ಜಾಗಗಳ ರಾಮ್ಸರ್ ಪಟ್ಟಿಗೆ ಸೇರ್ತು, ತುಂಬಾ ಖುಷಿ ಆಯ್ತು. ಆದ್ರೆ ಅಲ್ಲಿನ ಗಜನಿ, ಅಂದ್ರೆ ಉಬ್ಬರದ ಉಪ್ಪು ನೀರು ಬರೋ ತಗ್ಗು ಗದ್ದೆಗಳ ಗತಿ? ಹಾಲಕ್ಕಿ ಒಕ್ಕಲಿಗರು, ಇನ್ನೂ ಎಷ್ಟೋ ಜನ ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ ಬೆಳೀತಿದ್ರು, ಉಪ್ಪು ನೀರು ನುಗ್ಗಿದ್ರೂ ನಾಕು ದಿನ ಮುಳುಗಿದ್ರೂ ಸಾಯದ ತಳಿ ಅದು, ಗೊಬ್ಬರ ಬೇಡ ಔಷಧಿ ಬೇಡ. ಕೊಯ್ಲು ಮುಗಿದ್ಮೇಲೆ ಕಟ್ಟೆ ಹಲಗೆ ಎತ್ತಿ ಉಬ್ಬರದ ನೀರು ಬಿಟ್ರೆ ಸೀಗಡಿ ಮರಿ, ಮೀನು ಮರಿ ತಾವಾಗೇ ಒಳಗೆ ಬರೋವು, ಕೊಳೆತ ಕೂಳೇಲೇ ಮೇಯೋವು. ಇಳಿತಕ್ಕೆ ಕೆಸರು ತೆರೆದಾಗ ಉತ್ತರದ ಚಳಿ ದೇಶಗಳಿಂದ ಬಂದ ಉದ್ದ ಕೊಕ್ಕಿನ ಹಕ್ಕಿಗಳು ಹುಳ ಹೆಕ್ಕೋವು, ಹೊಳೆ ಕಡೆ ಹೆಂಗಸರು ಸೊಂಟದ ತನಕ ನೀರಲ್ಲಿ ನಿಂತು ಬಳಚು ಅನ್ನೋ ಚಿಪ್ಪುಮೀನು ಆರಿಸೋರು.

ಗದ್ದೇನ ಸೀಗಡಿ ಸಾಕೋರಿಗೆ ಗುತ್ತಿಗೆ ಕೊಡೋ ಕಾಂಟ್ರಾಕ್ಟ್ ಬಂದ್ಮೇಲೆ ಎಷ್ಟೋ ಕಡೆ ಉಪ್ಪು ನೀರು ಹೊರಗೆ ಬಿಡೋದೇ ಇಲ್ಲ, ಬಿತ್ತೋದು ಹೇಗೆ? ವರ್ಷಪೂರ್ತಿ ಆಳ ನೀರು ನಿಂತ್ರೆ ಆ ಹಕ್ಕಿಗಳಿಗೆ ಕಾಲೂರೋಕೂ ಜಾಗ ಇಲ್ಲ. ಗದ್ದೆ ಇದ್ದೋರಿಗೆ ಗುತ್ತಿಗೆ ದುಡ್ಡಾದ್ರೂ ಸಿಗತ್ತೆ, ಕೂಲಿಗೆ ಹೋಗ್ತಿದ್ದೋರಿಗೆ ಅದೂ ಇಲ್ಲ. ಸೀಗಡಿ ಸಾಯಿಸೋ ವೈಟ್ ಸ್ಪಾಟ್ ರೋಗ ಬಂದ್ರೆ ಹಾಕಿದ ದುಡ್ಡೂ ಕೆರೆ ಪಾಲು.

ಸೀಗಡಿ ಬೇಡ ಅಂತ ನಾನು ಹೇಳಲ್ಲ, ಅದರಿಂದ ಮನೆ ನಡೆಸೋರು ಇದಾರೆ. 1996ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕರಾವಳಿ ನಿಯಂತ್ರಣ ವಲಯದ ಸೀಗಡಿ ಫಾರಂ ತೆಗೀರಿ ಅಂದಾಗ ಸಾಂಪ್ರದಾಯಿಕ ಪದ್ಧತಿಗೆ ವಿನಾಯಿತಿ ಕೊಟ್ಟಿತ್ತು. 2023ರ ತಿದ್ದುಪಡೀಲಿ ಕರಾವಳಿ ಜಲಕೃಷಿ ಕಾನೂನಿಂದ ನಿಯಮ ಮುರಿದೋರಿಗಿದ್ದ ಜೈಲು ಶಿಕ್ಷೇನೇ ತೆಗೆದು ದಂಡ ಇಟ್ರು, ದುಡ್ಡಿದ್ದೋರಿಗೆ ದಂಡ ಯಾವ ಲೆಕ್ಕ, ಇದು ನನಗೆ ಸರಿ ಕಾಣಲ್ಲ.

ಮೀನುಗಾರಿಕೆ ಇಲಾಖೆಯವರು ಗಜನಿ ಗುತ್ತಿಗೇಲಿ ಮಳೆಗಾಲಕ್ಕೆ ಕಗ್ಗ, ಆಮೇಲೆ ಸೀಗಡಿ ಅಂತ ಷರತ್ತು ಹಾಕ್ಲಿ, ಸಬ್ಸಿಡಿ ಅಂಥೋರಿಗೇ ಮೊದಲು ಕೊಡ್ಲಿ, ಗುತ್ತಿಗೆ ಮಾತಾಡೋವಾಗ ಬಳಚು ಆರಿಸೋ ಹೆಂಗಸರನ್ನೂ ಕರೀಲಿ. ಕಗ್ಗದ ಅಕ್ಕಿ ನಮ್ಮ ಹಾಸನದಲ್ಲೂ ಮಾರೋ ಹಾಗಾದ್ರೆ ಕೊಳ್ಳೋಕೆ ನಾವಿದೀವಿ.

ಒಬ್ಬ ಓದುಗಳು, ಹಾಸನ