ಗೆಳೆಯನಿಗೊಂದು ಪತ್ರ: ಗ್ರೀಕರು, ರೋಮನ್ನರು ಮತ್ತು ಲಾರಿಸ್ಸಾದ ಕಲ್ಲು

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನಿನ್ನ ಮಗಳ ಶಾಲೆಯ ಪ್ರಾಜೆಕ್ಟಿನ ಮಾತು ಬಂತಲ್ಲ, ಅವತ್ತಿನಿಂದ ಅದೇ ತಲೆಯಲ್ಲಿ ಕೂತಿದೆ. ಗ್ರೀಕರಿಗೂ ರೋಮನ್ನರಿಗೂ ಏನು ವ್ಯತ್ಯಾಸ ಅಂತ ಅವಳು ಕೇಳಿದಳು. "ಅದರಲ್ಲೇನಿದೆ, ಗ್ರೀಕರು ಮಾಡಿದ್ದನ್ನೇ ರೋಮನ್ನರು ಕಾಪಿ ಹೊಡೆದರು" ಅಂದೆ ನೀನು. ನಾನು ಆಗ ಬಸ್ಸಿನಲ್ಲಿದ್ದೆ, ಸರಿಯಾಗಿ ಮಾತಾಡೋಕೆ ಆಗಲಿಲ್ಲ. ಅದಕ್ಕೇ ಈ ಪತ್ರ.

ನಿನ್ನ ಮಾತು ಪೂರ್ತಿ ತಪ್ಪಲ್ಲ. ಸೋತ ಗ್ರೀಸು ಗೆದ್ದವನನ್ನೇ ಸೆರೆ ಹಿಡಿಯಿತು ಅಂತ ರೋಮಿನ ಕವಿ ಹೊರೇಸನೇ ಬರೆದಿದ್ದಾನೆ. ಆದರೆ ಕಾಪಿ ಅಂದ ತಕ್ಷಣ ಎಲ್ಲರಿಗೂ ನೆನಪಾಗುವ ದೇವರುಗಳನ್ನೇ ತಗೋ. ಗ್ರೀಕರ ಜ್ಯೂಸ್, ರೋಮನ್ನರ ಜುಪಿಟರ್, ನಮ್ಮ ವೇದದ ದ್ಯೌಷ್ಪಿತಾ, ಈ ಮೂರೂ ಹೆಸರು ಒಂದೇ ಬೇರಿನವು. ಜುಪಿಟರ್ ಎರವಲು ಬಂದವನಲ್ಲ, ಅವರ ಹಳೇ ಮನೆದೇವರು. ಅವನ ಕಥೆಗಳನ್ನು ಮಾತ್ರ ಗ್ರೀಕರಿಂದ ತಂದರು. ಕಟ್ಟಡದಲ್ಲೂ ಅಷ್ಟೇ. ಅಥೆನ್ಸಿನ ಪಾರ್ಥೆನಾನ್ ಕಂಬದ ಮೇಲೆ ತೊಲೆ ಇಟ್ಟು ಕಟ್ಟಿದ್ದು. ರೋಮಿನ ಪ್ಯಾಂಥಿಯನ್ನಿನ ಮುಂಭಾಗದಲ್ಲೂ ಅದೇ ತರಹದ ಕಂಬಗಳಿವೆ. ಒಳಗೆ ಕಾಲಿಟ್ಟರೆ 43 ಮೀಟರ್ ಅಗಲದ ಕಾಂಕ್ರೀಟ್ ಗುಮ್ಮಟ! ಅಂಥದ್ದನ್ನು ಗ್ರೀಕರು ಕಟ್ಟಿರಲೇ ಇಲ್ಲ.

ನಾನು ನಿಜವಾಗಿ ಹೇಳಬೇಕು ಅಂದುಕೊಂಡಿದ್ದು ಇದಲ್ಲ. ಇವರಿಬ್ಬರ ನಡುವಿನ ದೊಡ್ಡ ವ್ಯತ್ಯಾಸ ಕಲ್ಲು, ಕಂಬದಲ್ಲಿ ಇಲ್ಲ. ಯಾರು ನಮ್ಮವರು, ಯಾರು ಹೊರಗಿನವರು? ಈ ಪ್ರಶ್ನೆಗೆ ಅವರು ಕೊಟ್ಟ ಉತ್ತರದಲ್ಲಿದೆ.

ಅಥೆನ್ಸಿನಿಂದ ಶುರು ಮಾಡ್ತೀನಿ. ಪ್ರಜಾಪ್ರಭುತ್ವದ ತವರು ಅಂತ ನಾವಿಬ್ಬರೂ ಪರೀಕ್ಷೆಯಲ್ಲಿ ಬರೆದಿದ್ದೆವಲ್ಲ, ಅದೇ ಊರು. ಅಲ್ಲಿ ಪೆರಿಕ್ಲಿಸ್ ಅನ್ನುವ ನಾಯಕ ಕ್ರಿ.ಪೂ. 451ರಲ್ಲಿ ಒಂದು ಕಾನೂನು ತಂದ. ಅಪ್ಪ ಅಮ್ಮ ಇಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಮಗನಿಗೆ ಪೌರತ್ವ. ಅದಕ್ಕೂ ಮೊದಲು ಅಪ್ಪ ಒಬ್ಬ ಆ ಊರಿನವನಾಗಿದ್ದರೆ ಸಾಕಿತ್ತು. ಇಪ್ಪತ್ತು ವರ್ಷ ಕಳೆಯಿತು. ಊರಿಗೆ ದೊಡ್ಡ ಪಿಡುಗು ಬಂತು. ಪೆರಿಕ್ಲಿಸನ ಇಬ್ಬರು ಗಂಡುಮಕ್ಕಳು ಅದರಲ್ಲಿ ತೀರಿಕೊಂಡರು. ಎರಡನೆಯವನ ಹೆಣಕ್ಕೆ ಹೂಮಾಲೆ ಹಾಕುವಾಗ, ಎಂದೂ ಅಳದ ಮನುಷ್ಯ ಎಲ್ಲರೆದುರು ಗೋಳೋ ಎಂದು ಅತ್ತ ಅಂತ ಹಳೇ ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆಯುತ್ತಾನೆ. ಇನ್ನು ಉಳಿದವನು ಪೆರಿಕ್ಲಿಸನ ಸಂಗಾತಿ ಅಸ್ಪೇಸಿಯಾಳಿಂದ ಹುಟ್ಟಿದ ಮಗ ಒಬ್ಬನೇ. ಅವಳು ಮಿಲೆಟಸ್ ಊರಿನವಳು. ಅಂದರೆ ಅಪ್ಪ ತಂದ ಕಾನೂನಿನ ಪ್ರಕಾರವೇ ಮಗ ಹೊರಗಿನವನು! ಪೆರಿಕ್ಲಿಸ್ ಜನರ ಮುಂದೆ ನಿಂತು ಬೇಡಿಕೊಂಡ. ಜನ ಕನಿಕರಪಟ್ಟು ಆ ಒಬ್ಬ ಹುಡುಗನಿಗೆ ಪೌರತ್ವ ಕೊಟ್ಟರು. ಕಾನೂನು ಮಾತ್ರ ಹಾಗೇ ಉಳಿಯಿತು. ಈ ಕಥೆ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ ಕಣೋ. ಆ ಹುಡುಗ ಮುಂದೆ ಸೇನಾಪತಿಯಾದ. ಕ್ರಿ.ಪೂ. 406ರಲ್ಲಿ ಅರ್ಗಿನೂಸೆಯ ಸಮುದ್ರಯುದ್ಧ ಗೆದ್ದ ಸೇನಾಪತಿಗಳಲ್ಲಿ ಅವನೂ ಒಬ್ಬ. ಗೆದ್ದ ಮೇಲೆ, ನೀರಿಗೆ ಬಿದ್ದ ನಾವಿಕರನ್ನು ಎತ್ತಿಕೊಂಡು ಬರಲಿಲ್ಲ ಅನ್ನುವ ಆರೋಪ ಬಂತು. ಪೌರತ್ವ ಕೊಟ್ಟ ಅದೇ ಸಭೆ ಅವನಿಗೆ ಮರಣದಂಡನೆಯನ್ನೂ ಕೊಟ್ಟಿತು.

ಅರಿಸ್ಟಾಟಲ್ ಗೊತ್ತಲ್ಲ? ಅವನ ಊರು ಉತ್ತರದ ಸ್ಟಾಗಿರಾ. ಬದುಕಿನ ಅರ್ಧದಷ್ಟನ್ನು ಅಥೆನ್ಸಿನಲ್ಲೇ ಕಳೆದ, ಅಲ್ಲೇ ಶಾಲೆ ನಡೆಸಿದ. ಆದರೂ ಅವನು ಅಲ್ಲಿ ಮೆಟಿಕ್, ಅಂದರೆ ಪರಊರಿಂದ ಬಂದು ನೆಲೆಸಿದವ. ವೋಟಿಲ್ಲ, ತನ್ನ ಹೆಸರಿನಲ್ಲಿ ಒಂದು ತುಂಡು ಜಮೀನು ಕೊಳ್ಳುವ ಹಾಗಿಲ್ಲ.

ಈಗ ರೋಮಿಗೆ ಬಾ. ಅಲ್ಲಿ ಪೌರನೊಬ್ಬ ತನ್ನ ಗುಲಾಮನನ್ನು ಕಾನೂನು ಪ್ರಕಾರ ಬಿಡುಗಡೆ ಮಾಡಿದರೆ, ಆ ಗುಲಾಮ ರೋಮಿನ ಪೌರನಾಗುತ್ತಿದ್ದ. ಇದನ್ನು ಹೊರಗಿನವರೂ ಬೆರಗಿನಿಂದ ನೋಡುತ್ತಿದ್ದರು. ಗ್ರೀಸಿನ ಲಾರಿಸ್ಸಾ ಊರಿನವರಿಗೆ ಮ್ಯಾಸಿಡೋನಿಯಾದ ರಾಜ ಐದನೇ ಫಿಲಿಪ್ ಕ್ರಿ.ಪೂ. ಮೂರನೇ ಶತಮಾನದ ಕೊನೆಗೆ ಎರಡು ಪತ್ರ ಬರೆದ. ಯುದ್ಧದಿಂದ ಜನ ಕಮ್ಮಿಯಾಗಿದ್ದಾರೆ, ಊರಲ್ಲಿ ನೆಲೆಸಿರುವ ಹೊರಗಿನವರಿಗೆ ಪೌರತ್ವ ಕೊಡಿ ಅಂತ. ಊರಿನವರು ಕೊಟ್ಟರು. ಆಮೇಲೆ ಮನಸ್ಸು ಬದಲಾಯಿಸಿ ಆ ಹೆಸರುಗಳನ್ನು ಅಳಿಸಿಹಾಕಿದರು. ರಾಜ ಎರಡನೇ ಪತ್ರದಲ್ಲಿ ಗದರಿದ. ರೋಮನ್ನರನ್ನು ನೋಡಿ ಕಲಿಯಿರಿ, ಅವರು ಬಿಡುಗಡೆ ಮಾಡಿದ ಗುಲಾಮರನ್ನೂ ಪೌರರನ್ನಾಗಿ ಮಾಡುತ್ತಾರೆ, ಅದರಿಂದಲೇ ಬೆಳೆದಿದ್ದಾರೆ ಅಂದ. ಆ ಹೊತ್ತಿಗೆ ಅವನೇ ರೋಮಿನ ವೈರಿಯಾಗುವ ದಾರಿಯಲ್ಲಿದ್ದ, ನೋಡು! ಎರಡೂ ಪತ್ರಗಳನ್ನು ಊರಿನವರು ಕಲ್ಲಿನಲ್ಲಿ ಕೆತ್ತಿಸಿದರು. ಆ ಶಾಸನ ಉಳಿದಿದೆ. ಗ್ರೀಕರನ್ನೂ ರೋಮನ್ನರನ್ನೂ ಹೋಲಿಸಬೇಕು ಅಂದರೆ ನಾನು ಮೊದಲು ತೋರಿಸುವುದು ಆ ಕಲ್ಲನ್ನೇ.

ಹಾಗಂತ ರೋಮನ್ನರು ದೊಡ್ಡ ಮನಸ್ಸಿನವರು ಅಂದುಕೊಳ್ಳಬೇಡ. ಕ್ರಿ.ಪೂ. 146ರಲ್ಲಿ ಕೊರಿಂಥ್ ಊರನ್ನು ಸುಟ್ಟು, ಗಂಡಸರನ್ನು ಕೊಂದು, ಹೆಂಗಸರನ್ನೂ ಮಕ್ಕಳನ್ನೂ ಗುಲಾಮರಾಗಿ ಮಾರಿದವರು ಅವರೇ. ಇಟಲಿಯಲ್ಲೇ ಅಕ್ಕಪಕ್ಕದಲ್ಲಿದ್ದು ಅವರ ಪರವಾಗಿ ಹೋರಾಡಿದ ಜನಕ್ಕೂ ಪೌರತ್ವ ಸುಮ್ನೆ ಸಿಗಲಿಲ್ಲ. ಅವರು ಕ್ರಿ.ಪೂ. 91ರಲ್ಲಿ ದಂಗೆ ಎದ್ದರು. ಇಟಲಿಯ ಗುರುತಾದ ಗೂಳಿಯೊಂದು ರೋಮಿನ ಗುರುತಾದ ಹೆಣ್ಣುತೋಳವನ್ನು ತಿವಿಯುತ್ತಿರುವ ನಾಣ್ಯ ಹೊಡೆಸಿದರು. ಆಮೇಲೆ ಬಾಗಿಲು ತೆರೆಯಿತು. ಇನ್ನೊಂದು ವಿಷಯ. ಪೌರನಾದರೂ ಬಡವನ ವೋಟಿಗೆ ಅಲ್ಲಿ ಬೆಲೆ ಇರಲಿಲ್ಲ. ದೊಡ್ಡ ಅಧಿಕಾರಿಗಳನ್ನು ಆರಿಸುವ ಸಭೆಯಲ್ಲಿ 193 ಗುಂಪುಗಳು, ಗುಂಪಿಗೊಂದು ವೋಟು. ಮೊದಮೊದಲು ಅದರಲ್ಲಿ 98 ಗುಂಪು ಶ್ರೀಮಂತರದ್ದೇ. ಆಸ್ತಿಯಿಲ್ಲದವರೆಲ್ಲ ಸೇರಿ ಒಂದೇ ಗುಂಪು. ಅಥೆನ್ಸಿನಲ್ಲಿ ಹಾಗಿರಲಿಲ್ಲ. 500 ಜನರ ಮಂಡಳಿಯನ್ನು ಚೀಟಿ ಎತ್ತುವ ಹಾಗೆ ಆರಿಸುತ್ತಿದ್ದರು. ಚಪ್ಪಲಿ ಹೊಲಿಯುವವನೂ ಸಭೆಯಲ್ಲಿ ಎದ್ದು ಮಾತಾಡಬಹುದಿತ್ತು. ನ್ಯಾಯ ಹೇಳಲು ಬಂದವನಿಗೆ ಅವತ್ತಿನ ಕೂಲಿ ಸಿಗುತ್ತಿತ್ತು. ಒಳಗಿದ್ದವನಿಗೆ ಅಥೆನ್ಸ್ ಕೊಟ್ಟಷ್ಟನ್ನು ರೋಮ್ ಯಾವತ್ತೂ ಕೊಡಲಿಲ್ಲ. ಹೆಂಗಸರಿಗೆ ಎರಡೂ ಕಡೆ ವೋಟಿರಲಿಲ್ಲ. ಇದನ್ನು ಮಗಳಿಗೆ ತಪ್ಪದೆ ಹೇಳು.

ಕ್ರಿ.ಶ. 48ರಲ್ಲಿ ಗಾಲ್ ಪ್ರಾಂತ್ಯದ, ಅಂದರೆ ಈಗಿನ ಫ್ರಾನ್ಸಿನ ಮುಖಂಡರನ್ನು ಸೆನೆಟ್ಟಿಗೆ ಸೇರಿಸಬೇಕಾ ಬೇಡವಾ ಅನ್ನುವ ಜಗಳ ಎದ್ದಿತು. ಗಾಲ್ ಜನರನ್ನು ರೋಮನ್ನರು ಗೆದ್ದು ಇನ್ನೂ ನೂರು ವರ್ಷ ಆಗಿತ್ತಷ್ಟೆ. ಚಕ್ರವರ್ತಿ ಕ್ಲಾಡಿಯಸ್ ಅವರ ಪರ ಮಾತಾಡಿದ. ಅವನು ಹುಟ್ಟಿದ್ದೇ ಗಾಲ್‌ನ ಲಿಯಾನ್ ಊರಿನಲ್ಲಿ. ಅವನ ಭಾಷಣದ ಒಂದು ಭಾಗವನ್ನು ಕಂಚಿನ ಹಲಗೆಯಲ್ಲಿ ಕೊರೆದಿದ್ದರು. 1528ರಲ್ಲಿ ಅದೇ ಊರಿನಲ್ಲಿ ಅದು ಸಿಕ್ಕಿತು. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆದಿಟ್ಟ ರೂಪದಲ್ಲಿ ಕ್ಲಾಡಿಯಸ್ ಒಂದು ಮಾತು ಕೇಳುತ್ತಾನೆ: ಅಷ್ಟು ಬಲವಿದ್ದ ಸ್ಪಾರ್ಟಾ, ಅಥೆನ್ಸ್ ಯಾಕೆ ಹಾಳಾದವು? ತಮಗೆ ಸೋತವರನ್ನು ಹೊರಗಿನವರಾಗಿಯೇ ಇಟ್ಟಿದ್ದಕ್ಕೆ ಅಲ್ಲವೇ? ನಿನ್ನ ಮಗಳು ಕೇಳಿದ ಹೋಲಿಕೆಯನ್ನು ರೋಮನ್ನರೇ ಮಾಡಿಕೊಂಡಿದ್ದರು. ಮುಂದೆ ಸ್ಪೇನಿನ ಟ್ರಾಜನ್, ಲಿಬಿಯಾದ ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿಗಳಾದರು. ಆ ಸೆವೆರಸನ ಮಗ ಕ್ಯಾರಕಲ್ಲಾ ಕ್ರಿ.ಶ. 212ರಲ್ಲಿ ಸಾಮ್ರಾಜ್ಯದ ಹೆಚ್ಚುಕಮ್ಮಿ ಎಲ್ಲ ಸ್ವತಂತ್ರ ಜನರಿಗೂ ಪೌರತ್ವ ಕೊಟ್ಟುಬಿಟ್ಟ. ತೆರಿಗೆ ಜಾಸ್ತಿ ಬರಲಿ ಅಂತ ಕೊಟ್ಟ ಅಂತ ಅದೇ ಕಾಲದ ಇತಿಹಾಸಕಾರ ಡಿಯೋ ಹೇಳುತ್ತಾನೆ. ಇರಬಹುದು. ಆದರೂ ಸಿರಿಯಾದ ರೈತ, ಈಜಿಪ್ಟಿನ ನೇಕಾರ ಆ ವರ್ಷ ರೋಮನ್ನರಾದರು.

ಪೂರ್ವದ ಕಡೆ ಇವರೆಲ್ಲ ಆಡಳಿತದ ಜೊತೆ ವ್ಯವಹರಿಸಿದ್ದು ಹೆಚ್ಚಾಗಿ ಗ್ರೀಕ್ ಭಾಷೆಯಲ್ಲೇ. ರೋಮನ್ನರು ಅದನ್ನು ಬದಲಿಸಲು ಹೋಗಲಿಲ್ಲ. ನಮ್ಮ ಕರಾವಳಿಯದು ಅನ್ನುವ ಆ ಹಳೇ ಪ್ರಹಸನ ನೆನಪಿದೆಯಾ? ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ಗುಡ್ಡೆಯಲ್ಲಿ ಸಿಕ್ಕಿದ್ದು. ಇಂಡಿಯಾದ ಕಡಲತೀರದಲ್ಲಿ ಸೆರೆಯಾದ ಕ್ಯಾರಿಟಿಯಾನ್ ಎಂಬ ಗ್ರೀಕ್ ಹೆಂಗಸನ್ನು ಅವಳ ಕಡೆಯವರು ಬಿಡಿಸಿಕೊಂಡು ಹೋಗುವ ಕಥೆ. ಅದರಲ್ಲಿ ಇಲ್ಲಿನ ಜನ ಆಡುವ ಮಾತು ಕನ್ನಡ ಅಂತ ವಿದ್ವಾಂಸ ಶಾಮಶಾಸ್ತ್ರಿಗಳು ವಾದಿಸಿದರು. ಒಪ್ಪದವರೂ ಇದ್ದಾರೆ. ಕನ್ನಡವೋ ಅಲ್ಲವೋ, ಆ ನಾಟಕ ಗ್ರೀಕಿನಲ್ಲಿದೆ, ಕಾಲ ಮಾತ್ರ ರೋಮನ್ನರದ್ದು.

ಕೊನೆಗೆ ಒಂದು ಸಣ್ಣ ಘಟನೆ. 1912ರಲ್ಲಿ ಗ್ರೀಸಿನ ನೌಕಾಪಡೆ ತುರ್ಕರಿಂದ ಲೆಮ್ನೋಸ್ ದ್ವೀಪವನ್ನು ಗೆದ್ದಿತು. ಸೈನಿಕರನ್ನು ನೋಡಲು ಊರಿನ ಮಕ್ಕಳು ಓಡಿಬಂದರು. ಅದೇ ದ್ವೀಪದಲ್ಲಿ ಹುಟ್ಟಿ ಮುಂದೆ ಇತಿಹಾಸಕಾರನಾದ ಪೀಟರ್ ಕರಾನಿಸ್ ಹೇಳುತ್ತಿದ್ದ ಕಥೆ ಇದು. "ಏನು ನೋಡ್ತಿದ್ದೀರಿ?" ಅಂತ ಒಬ್ಬ ಸೈನಿಕ ಕೇಳಿದ. ಗ್ರೀಕರನ್ನು ನೋಡ್ತಿದ್ದೀವಿ ಅಂದರು ಮಕ್ಕಳು. "ನೀವೂ ಗ್ರೀಕರೇ ಅಲ್ವಾ?" ಅಂದ ಅವನು. ಮನೆಯಲ್ಲಿ ಗ್ರೀಕ್ ಮಾತಾಡುವ ಆ ಮಕ್ಕಳು, ಅಲ್ಲ, ನಾವು ರೋಮನ್ನರು ಅಂದರಂತೆ.

ಮಗಳ ಪ್ರಾಜೆಕ್ಟು ಮುಗಿದ ಮೇಲೆ ನನಗೂ ಒಂದು ಪ್ರತಿ ಕಳಿಸು.

ಇತಿ ನಿನ್ನ ಗೆಳೆಯ